ಕೂತಿದ್ದವಳನ್ನು ನಿಲ್ಲಿಸಿದ ಕಾಗದ

ಶಿಕಾರಿಪುರದಲ್ಲಿ ಹಳೇ ಟ್ರ್ಯಾಕ್ಟರ್ ಮಾರುವ ನನ್ನ ಅಂಗಡಿಯ ಎದುರಿಗೇ ಒಬ್ಬ ಟೈಲರಮ್ಮನ ಮಷಿನ್ ಇತ್ತು. ಯಾರು ಬಟ್ಟೆ ತಂದರೂ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗಿಳಿಸಿ, "ತಡೀರಿ, ಬಿಚ್ಚಿ ನೋಡಾಣ" ಅನ್ನುತ್ತಿದ್ದರು. ಮಡಿಸಿದ್ದನ್ನು ಮಡಿಸಿದ ಹಾಗೇ ತೆಗೆದುಕೊಂಡವರಲ್ಲ.

ಸೊರಬದ ನೆಂಟರ ಜೊತೆ ಟೈಲರಮ್ಮ ದೋಣಿವಿಹಾರಕ್ಕೆ ಹೋದಾಗ, ಮಿತಿಮೀರಿ ಜನ ತುಂಬಿದ್ದ ದೋಣಿ ದಡದ ಕಟ್ಟೆಗೆ ಬಡಿದು, ಅಂಚು ಹಿಡಿದು ಕೂತಿದ್ದ ಅವರ ಬಲಗೈ ಬೆರಳುಗಳು ಜಜ್ಜಿಹೋದವು. ವಾರದೊಳಗೆ ದೋಣಿಯ ಮಾಲೀಕ ಹಣ್ಣು ಹಿಡಿದು ಅವರ ಮಷಿನ್ ಹತ್ತಿರ ಬಂದ; ನಾನೂ ಅಲ್ಲೇ ಇದ್ದೆ. ಮಡಿಸಿದ ಛಾಪಾ ಕಾಗದದ ತುದಿ ತೋರಿಸಿ, "ಇಲ್ಲೊಂದು ಹೆಬ್ಬೆಟ್ಟು ಒತ್ತಿ ಅಕ್ಕ, ಆಸ್ಪತ್ರೆ ಖರ್ಚು ನಾ ಕೊಡ್ತೀನಿ" ಅಂದ.

"ತಡೀರಿ, ಬಿಚ್ಚಿ ನೋಡಾಣ."

ಬಲ ಮೊಣಕೈಯಿಂದ ಕಾಗದ ಅದುಮಿ, ಎಡಗೈಯಲ್ಲಿ ಮಡಿಕೆ ಬಿಡಿಸಿದರು. "ದೋಣಿಯಲ್ಲಿ ಎಚ್ಚರಿಕೆ ಮೀರಿ ನಾನೇ ಎದ್ದು ನಿಂತೆ, ತಪ್ಪು ನನ್ನದೇ, ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ" ಎಂದು ಟೈಲರಮ್ಮನೇ ಹೇಳಿದ ಹಾಗೆ ಅದರಲ್ಲಿತ್ತು.

ನನಗೆ ಮೈಯೆಲ್ಲ ಉರಿಯಿತು. ನಾನೂ ವ್ಯಾಪಾರದವನೇ. ಗೇರ್‌ಬಾಕ್ಸ್ ಕೆಟ್ಟ ಟ್ರ್ಯಾಕ್ಟರಿಗೂ ಬೆಲೆ ಕಟ್ಟಿ ಮಾರಿದ್ದೇನೆ. ಆದರೆ ಕೆಡಿಸಿದವನು ಕೊಳ್ಳುವವನೇ ಎಂದು ಯಾರಿಂದಲೂ ಬರೆಸಿಕೊಂಡಿಲ್ಲ. ಇಂಥದ್ದಕ್ಕೆ ಯಾರೂ ಹೆಬ್ಬೆಟ್ಟು ಒತ್ತಬೇಡಿ. ಪೊಲೀಸರಿಗೆ ದೂರು ಕೊಡಿ, ಟಿಕೆಟ್ಟು, ಆಸ್ಪತ್ರೆ ಚೀಟಿ ಇಟ್ಟುಕೊಂಡು ಗ್ರಾಹಕರ ಆಯೋಗಕ್ಕೆ ಹೋಗಿ. ದುಡ್ಡು ಕೊಟ್ಟು ದೋಣಿ ಹತ್ತಿದವರೂ ಗ್ರಾಹಕರೇ.

"ಕೂತಿದ್ದೋಳನ್ನ ಎಬ್ಬಿಸಿ ನಿಲ್ಸಿದ್ದೀರಲ್ರೀ!" ಅಂದರು ಟೈಲರಮ್ಮ.

"ಕೇಸು ಗೀಸು ಅಂತ ಹೋದ್ರೆ ಶಿವಮೊಗ್ಗಕ್ಕೆ ಅಲೀಬೇಕಾಗ್ತದೆ ಅಕ್ಕ" ಎಂದು ಅವನು ಹೆದರಿಸಿದ, ಕಾಗದಕ್ಕೆ ಕೈಚಾಚಿದ.

ಅವರು ಅದನ್ನು ಅವನಿಗೆ ಕೊಡದೆ, "ಜ್ವಾಪಾನ ಇಡ್ರೀ" ಎಂದು ನನ್ನ ಕೈಗಿತ್ತರು. ಆಮೇಲೆ ಅವನನ್ನೇ ಕೇಳಿದರು: "ಶಿವಮೊಗ್ಗಕ್ಕೆ ಬೆಳಿಗ್ಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗ್ರೀ?"