ಜಗದೇವಿ ಪುಣೆಗೆ ಹೋಗಲಿಲ್ಲ

ಹೈದರಾಬಾದಿನಿಂದ ಪುಣೆಗೆ ಮನೆ ಎತ್ತುವ ವಿಚಾರ ಜಗದೇವಿಗೆ ತಿಳಿದದ್ದು ಎಲ್ಲರಿಗಿಂತ ಕಡೆಗೆ. ಗಂಡ ಅಮರನಾಥನಿಗೆ ಕಂಪನಿಯವರು ಬಡ್ತಿ ಕೊಟ್ಟು ಪುಣೆಯ ಕಾರ್ಖಾನೆಗೆ ಕರೆದಿದ್ದರು. ಅವನು ಅದನ್ನು ಜಹೀರಾಬಾದಿನಲ್ಲಿದ್ದ ಅಣ್ಣ ಮನ್ಮಥಪ್ಪನಿಗೆ ಹೇಳಿದ. ಅಣ್ಣ ತಾಯಿಗೆ ಹೇಳಿದ. ತಾಯಿ ರುಕ್ಮಿಣಿಬಾಯಿ ಫೋನ್ ಹಚ್ಚಿ ಮೊಮ್ಮಗಳಿಗೆ ಹೇಳಿದಳು. ಜಗದೇವಿ ಡ್ಯೂಟಿ ಮುಗಿಸಿ, ಇಡೀ ದಿನ ಬಸ್ಸಿನಲ್ಲಿ ನಿಂತು ಊದಿದ ಕಾಲು ತೊಳೆಯುತ್ತಿದ್ದಾಗ ಮಗಳು ಬಸವೇಶ್ವರಿ ಬಚ್ಚಲ ಬಾಗಿಲಿಗೆ ಬಂದು, "ಮಮ್ಮಿ, ನಾವು ಪುಣಾಕ್ಕ ಹೊಂಟೀವಂತಲ್ಲ!" ಅಂದಳು.

"ಯಾರು ಹೊಂಟಾರ?" ಅಂತ ಜಗದೇವಿ ಕೇಳಿದಳು.

ಜಗದೇವಿ ತೆಲಂಗಾಣದ ಗಡಿಯ ಮನೂರ್ ಕಡೆಯ ಹಳ್ಳಿಯವಳು. ತಂದೆ ಈಶಪ್ಪ ತೊಗರಿ, ಜೋಳ ಬೆಳೆಯುವ ಒಕ್ಕಲುತನದವ. ನಾರಾಯಣಖೇಡದ ಕಾಲೇಜಿಗೆ ಹುಡುಗಿ ಶೇರ್ ಆಟೋದಲ್ಲಿ ಹೋಗಿ ಬರುತ್ತಿದ್ದಳು. ಆಟೋ ತುಂಬಿದರೆ ಹುಡುಗರು ಹಿಂದೆ ಜೋತುಬಿದ್ದು ಹೋಗುತ್ತಿದ್ದರು, ಹುಡುಗಿಯರು ಮನೆಗೆ ವಾಪಸು ಬರುತ್ತಿದ್ದರು. ಪರೀಕ್ಷೆಯ ದಿನವೊಂದು ಜಗದೇವಿಯೂ ಜೋತುಬಿದ್ದಳು. ಅವಳು ಸಂಜೆ ಊರು ಸೇರುವ ಮೊದಲೇ ಸುದ್ದಿ ಸೇರಿತ್ತು. ತಾಯಿ ಬೈದಳು, ಸೋದರಮಾವ ಬೈದ. ತಂದೆ ಮಾತ್ರ, "ಪೇಪರ್ ಹೆಂಗ್ ಬರದಿ?" ಅಂತ ಕೇಳಿದ.

ಡಿಗ್ರಿ ಮುಗಿದ ಮೇಲೆ ಆರ್‌ಟಿಸಿಯಲ್ಲಿ ಹೆಣ್ಣುಮಕ್ಕಳನ್ನೂ ಕಂಡಕ್ಟರ್ ಮಾಡಿಕೊಳ್ಳುತ್ತಾರೆಂದು ತಿಳಿದು ಅವಳು ಅರ್ಜಿ ಹಾಕಿದಳು. ಸೋದರಮಾವ ಮತ್ತೆ ಬಂದು ಕೂತ. "ಲಿಂಗವಂತರ ಮನಿ ಹುಡುಗಿ ಚೀಲ ಹಾಕ್ಕೊಂಡು ಗಂಡಸರ ನಡುವ ತೂರಾಡಕೋತ ಟಿಕೆಟ್ ಹರೀಬೇಕೇನು? ನಾಳಿಗಿ ಇಕಿಗಿ ಯಾರು ಹೆಣ್ಣು ಕೇಳ್ತಾರ?"

"ಕೇಳದವರ ಮನೀಗಿ ನಾ ಯಾಕ ಹೋಗ್ಲಿ ಮಾಮಾ?" ಅಂದಳು ಜಗದೇವಿ. ಸಂದರ್ಶನದ ದಿನ ಈಶಪ್ಪ ಮಗಳ ಜೊತೆ ಸಂಗಾರೆಡ್ಡಿಗೆ ಹೋಗಿ, ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಸಂಜೆತನಕ ಕೂತ.

ಮೊದಲ ಪೋಸ್ಟಿಂಗ್ ನಾರಾಯಣಖೇಡ ಡಿಪೋದಲ್ಲಿ, ಕಂಗ್ಟಿಯ ದಾರಿಯಲ್ಲಿ. ಸೀರೆಯ ಮೇಲೆ ಖಾಕಿ ಕೋಟು ಹಾಕಿಕೊಂಡ ಹುಡುಗಿಯನ್ನು ನೋಡಲಿಕ್ಕೇ ಕೆಲವರು ಬಸ್ ಹತ್ತುತ್ತಿದ್ದರು. ಒಂದು ದಿನ ಊರಗೌಡಿಕೆ ಮಾಡುವವನೊಬ್ಬ ಟಿಕೆಟ್ ತಗೊಳ್ಳದೆ, "ನಾ ಯಾರಂತ ನಿನಗ ಗೊತ್ತದೇನು?" ಅಂದ. "ಗೊತ್ತದ, ಟಿಕೆಟ್ ಇಲ್ಲದವ್ರು," ಅಂದವಳೇ ಸಿರ್ಗಾಪುರದ ಹತ್ತಿರ ಬಸ್ ನಿಲ್ಲಿಸಿಬಿಟ್ಟಳು. ಬಿಸಿಲು ಉರಿಯುತ್ತಿತ್ತು. ಬಸ್ಸಿನ ಮಂದಿ ಮೊದಲು ಅವಳಿಗೇ ಬೈದರು. ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಬೈಯಲು ಶುರು ಮಾಡಿದರು. ಅವನು ಇಳಿದು ಹೋದ, ದೂರು ಕೊಟ್ಟ. ಡಿಪೋದಲ್ಲಿ ಕರೆದು ವಿಚಾರಿಸಿದಾಗಲೂ ಜಗದೇವಿ ತಪ್ಪಾಯಿತು ಅನ್ನಲಿಲ್ಲ.

ಸೋದರಮಾವ ಹೆದರಿದ್ದಂತೆ ಆಗಲಿಲ್ಲ. ಡಿಪ್ಲೊಮಾ ಓದಿದ ಅಮರನಾಥ ಅವಳನ್ನು ಕೇಳಿಕೊಂಡೇ ಬಂದ. ಮಾತುಕತೆಯ ದಿನ ಈಶಪ್ಪ ಒಂದೇ ಮಾತು ಹೇಳಿದ್ದ: "ಹುಡುಗಿ ನೌಕರಿ ಬಿಡಲ್ಲರಿ." ಗಂಡಿನ ಕಡೆಯವರು ಆತು ಅಂದರು. ಮುಂದೆ ಅಮರನಾಥನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಾಗ ಜಗದೇವಿಯೂ ಅಲ್ಲಿಯ ಡಿಪೋಕ್ಕೆ ವರ್ಗ ಮಾಡಿಸಿಕೊಂಡಳು. ಪಟಾನ್‌ಚೆರುವಿನ ಕಡೆ ಬಾಡಿಗೆ ಮನೆ. ಮಗಳು ಹುಟ್ಟಿದಳು, ಬೆಳೆದಳು, ಹತ್ತನೇ ಕ್ಲಾಸು ಮುಗಿಸಿದಳು. ಅಷ್ಟೊತ್ತಿಗೆ ಈ ಪುಣೆ ಬಂತು.

ಬೇಸಿಗೆಯ ಒಂದು ರವಿವಾರ ಎಲ್ಲರೂ ಜಹೀರಾಬಾದಿನ ಮನೆಯಲ್ಲಿ ಸೇರಿದರು. ಮನ್ಮಥಪ್ಪನದು ಹಸಿಶುಂಠಿ, ಆಲೂಗಡ್ಡೆಯ ದೊಡ್ಡ ವ್ಯಾಪಾರ. ಅಂಗಡಿ ಹೈವೇಗೆ ಹತ್ತಿಕೊಂಡೇ ಇದೆ. ಅವನು ಪುಣೆಯ ವಿಚಾರ ತಿಳಿದವರು ಇರಲಿ ಅಂತ ಸಿಮೆಂಟ್ ವ್ಯಾಪಾರಿ ತುಳಜಪ್ಪನನ್ನೂ ಚಹಾಕ್ಕೆ ಕರೆದಿದ್ದ. ತುಳಜಪ್ಪನ ಅಳಿಯ ಪುಣೆಯಲ್ಲೇ ಇದ್ದ.

ಮಾತು ಚೆನ್ನಾಗಿಯೇ ಸಾಗಿತು. ಪುಣೆಯ ಹವಾ ಚಲೋ. ಕಾಲೇಜು ಚಲೋ. ಮರಾಠಿ ಎಲ್ಲರಿಗೂ ಬರುತ್ತದೆ, ಜೋಳದ ರೊಟ್ಟಿ ಅಲ್ಲೂ ಸಿಗುತ್ತದೆ. ಕಿರಾಯಿ ಹೆಚ್ಚು, ಆದರೆ ಕಂಪನಿಯೇ ಮನೆ ಕೊಡುತ್ತದೆ. ಊರು ದೂರವಾಗುತ್ತದೆ ಅಂತ ರುಕ್ಮಿಣಿಬಾಯಿ ಗೊಣಗಿದಾಗ ಮನ್ಮಥಪ್ಪ, "ದೂರ ಏನದ ಅವ್ವಾ? ಪುಣಾದ ಬಸ್ ನಮ್ಮ ಅಂಗಡಿ ಮುಂದೇ ಹಾದು ಹೋಗ್ತದ," ಅಂದ. ಜಗದೇವಿ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದಳು. ಎಲ್ಲವನ್ನೂ ತೂಗುತ್ತಿದ್ದರು, ಅವಳ ನೌಕರಿಯೊಂದನ್ನು ಬಿಟ್ಟು.

ಕಡೆಗೆ ತುಳಜಪ್ಪನೇ ಆ ಮಾತು ಎತ್ತಿದ. "ತಂಗಿಯವರು ಆರ್‌ಟಿಸಿ ಆಫೀಸಿನಾಗ ಬರ್‍ಯೋ ಕೆಲಸ ಮಾಡ್ತಾರಲ್ಲ, ಬಿಟ್ರಾತು. ಅಂಥಾ ಕುರ್ಚಿ ಕೆಲಸ ಪುಣಾದಾಗ ಎಲ್ಲಿ ಬೇಕಾದಲ್ಲಿ ಸಿಗ್ತದ."

ಜಗದೇವಿ ಭಾವನ ಮುಖ ನೋಡಿದಳು. ಮನ್ಮಥಪ್ಪ ಚಹಾದ ಕಪ್ಪಿನೊಳಗೆ ನೋಡುತ್ತಿದ್ದ. ಗಂಡನ ಮುಖ ನೋಡಿದಳು. ಅವನು ಕಿವಿ ಕೆಂಪಗೆ ಮಾಡಿಕೊಂಡು ಕೂತಿದ್ದ. ಇಷ್ಟು ವರ್ಷ ಈ ಊರಿಗೆಲ್ಲ ಹೀಗೆ ಹೇಳಿಕೊಂಡು ಬಂದಿದ್ದಾರೆ ಅಂತ ಅವಳಿಗೆ ಆಗ ತಿಳಿಯಿತು. ಜಹೀರಾಬಾದಿಗೆ ಬರುವಾಗ ಖಾಕಿ ಕೋಟು ತರಬೇಡ ಅಂತ ಅತ್ತೆ ಯಾಕೆ ಹೇಳುತ್ತಿದ್ದಳೆಂಬುದೂ ತಿಳಿಯಿತು.

"ಆಫೀಸ್ ಅಲ್ರಿ ಕಾಕಾ," ಅಂದಳು ಎದ್ದು ನಿಂತು. "ನಾ ಕಂಡಕ್ಟರ್ ಇದ್ದೀನಿ. ಬಸ್ಸಿನಾಗ ಟಿಕೆಟ್ ಕೊಡ್ತೀನಿ. ಲಗ್ನಕ್ಕಿಂತ ಮೊದಲಿಂದ ಅದೇ ಕೆಲಸ."

ತುಳಜಪ್ಪ, "ಹಂಗೇನ್ರಿ," ಅಂದು ಬಿಸ್ಕಿಟು ಕೈಯಲ್ಲೇ ಹಿಡಿದುಕೊಂಡ. ಅವನು ಹೋದ ಮೇಲೆ ಮನ್ಮಥಪ್ಪ ಎದ್ದು ನಿಂತ. "ನಾಲ್ಕು ಮಂದ್ಯಾಗ ನಮ್ಮ ಇಜ್ಜತ್ ತೆಗ್ದಿ. ಹೇಳೂದು ಅಷ್ಟು ಜರೂರ್ ಇತ್ತೇನು?"

"ಮುಚ್ಚೂದು ಜರೂರ್ ಇತ್ತೇನ್ರಿ ಭಾವಾರ? ನಾ ಏನ್ ಕಳುವು ಮಾಡೀನಿ?"

ರುಕ್ಮಿಣಿಬಾಯಿ ಸೊಸೆಯನ್ನು ಸುಮ್ಮನಿರಿಸಲು ನೋಡಿದಳು. "ಹೋಗ್ಲಿ ಬಿಡವ್ವಾ. ಹ್ಯಾಂಗೂ ಪುಣಾಕ್ಕ ಹೋಗಾಕ ನೌಕರಿ ಬಿಡ್ತಿದಿ. ಇನ್ ಯಾಕ ಆ ಮಾತು?"

"ಬಿಡ್ತೀನಂತ ಯಾರು ಹೇಳಿದ್ರು ಅತ್ತಿ? ನನ್ನ ಕೇಳೀರೇನು? ಪುಣಾ ನಾ ನೋಡ್ತೀನಿ. ನೋಡಿ ಬಂದು ಹೇಳ್ತೀನಿ."

ಹೋಗಿ ನೋಡಿದಳು ಕೂಡ. ರಜೆ ಹಾಕಿ, ಗಂಡ ಮಗಳ ಜೊತೆ ಪುಣೆಗೆ ಹೋದಳು. ಬೇಡ ಅನ್ನಲು ನೆಪ ಹುಡುಕಲೆಂದು ಹೋದವಳಲ್ಲ. ಕಂಪನಿ ಕೊಡುವ ಅಪಾರ್ಟ್‌ಮೆಂಟಿನ ಮನೆಗೆ ಹೋಗಿ ಅಡುಗೆಮನೆಯ ಗಾಳಿ ಬೆಳಕು ನೋಡಿದಳು, ನಲ್ಲಿ ತಿರುವಿ ನೀರು ನೋಡಿದಳು, ಚಲೋ ಅದ ಅಂದಳು. ಕಾರ್ಖಾನೆಯ ಗೇಟಿನಲ್ಲಿ ಹುಡುಗರು ಅಮರನಾಥನನ್ನು ಸರ್ ಸರ್ ಅನ್ನುತ್ತಾ ಸುತ್ತುವರಿದರು. ಹೈದರಾಬಾದಿನಲ್ಲಿ ಮೇಲಿನವರ ಬೈಗುಳ ತಿಂದು ಬೆನ್ನು ಬಾಗಿಸಿಕೊಂಡು ಬರುತ್ತಿದ್ದ ಗಂಡ ಇಲ್ಲಿ ನೆಟ್ಟಗೆ ನಡೆಯುತ್ತಿದ್ದ. ಅದನ್ನು ನೋಡಿ ಅವಳಿಗೆ ಖರೇನೇ ಖುಷಿಯಾಯಿತು. ಇವರು ಇಲ್ಲಿಗೆ ಬರಲೇಬೇಕು ಅನ್ನಿಸಿತು.

ಮರುದಿನ ಒಬ್ಬಳೇ ಸಿಟಿ ಬಸ್ ಹತ್ತಿದಳು. ಅದರಲ್ಲೂ ಒಬ್ಬ ಹೆಣ್ಣುಮಗಳು ಕಂಡಕ್ಟರ್ ಇದ್ದಳು. ಜಗದೇವಿ ಮರಾಠಿಯಲ್ಲಿ ಮಾತಾಡಿಸಿ, ತಾನೂ ಅದೇ ಕೆಲಸದವಳು ಅಂದಾಗ ಆಕೆ ನಕ್ಕು ಪಕ್ಕದಲ್ಲಿ ಕೂರಿಸಿಕೊಂಡಳು. ವಿಚಾರಿಸಿದರೆ, ಬೇರೆ ರಾಜ್ಯದ ಸರ್ವಿಸು ಇಲ್ಲಿ ನಡೆಯುವುದಿಲ್ಲ ಅಂದಳು. ಹೊಸದಾಗಿ ಸೇರೋಣವೆಂದರೆ ವಯಸ್ಸು ದಾಟಿದೆ. "ಇಲ್ಲಿಗೆ ಬಂದರೆ ನೀವು ಪ್ಯಾಸೆಂಜರೇ," ಅಂದಳು ಆಕೆ, ತಮಾಷೆಗೆ.

ತಿರುಗಿ ಬಂದಾಗ ಅಪಾರ್ಟ್‌ಮೆಂಟಿನ ಕಾವಲುಗಾರ ತಡೆದ. ಯಾರ ಮನೆಯವರು ಅಂತ ಕೇಳಿದ. ಜಗದೇವಿ ತನ್ನ ಹೆಸರು ಹೇಳಿದಳು. ಹಾಗಲ್ಲ, ಯಾರ ಮನೆಯವರು ಅಂದ ಮತ್ತೆ. ಗಂಡನ ಹೆಸರು ಹೇಳುವ ತನಕ ಅವನು ಗೇಟು ತೆಗೆಯಲಿಲ್ಲ. ಅವನ ಕೆಲಸ ಅವನು ಮಾಡಿದ್ದ, ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೆ ಲಿಫ್ಟಿನಲ್ಲಿ ಮೇಲೆ ಹೋಗುವಷ್ಟರಲ್ಲಿ ಅವಳ ತೂಗುವುದು ಮುಗಿದಿತ್ತು.

ವಾಪಸು ಬರುವ ಬಸ್ಸು ಜಹೀರಾಬಾದಿನಲ್ಲಿ ನಿಂತಾಗ ಜಗದೇವಿ ಗಂಡನಿಗೆ, "ನೀವು ಮನೀಗಿ ಹೋಗ್ರಿ, ನಾ ಡಿಪೋಕ್ಕ ಹೋಗಿ ಬರ್ತೀನಿ," ಅಂದಳು. ಜಹೀರಾಬಾದ್ ಡಿಪೋದಲ್ಲಿ ಶಂಕರಮ್ಮ ಅಂತ ಕಂಡಕ್ಟರ್ ಇದ್ದಳು. ಅವಳ ಗಂಡ ಮಕ್ಕಳು ಹೈದರಾಬಾದಿನಲ್ಲಿ. ಅಲ್ಲಿಗೆ ಹೋಗಲು ಅದಲು ಬದಲು ಆಗುವವರು ಯಾರಾದರೂ ಸಿಕ್ಕಾರೇ ಅಂತ ಆಕೆ ಬಹಳ ದಿನದಿಂದ ಹುಡುಕುತ್ತಿದ್ದದ್ದು ಜಗದೇವಿಗೆ ಗೊತ್ತಿತ್ತು. ಜಗದೇವಿ ಅವಳ ಮುಂದೆ ಹೋಗಿ ನಿಂತು, "ನಾ ಬರ್ತೀನಿ ಇಲ್ಲಿಗಿ, ನೀ ಹೋಗು ಅಲ್ಲಿಗಿ," ಅಂದಾಗ ಶಂಕರಮ್ಮ ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

ಮನೆಯಲ್ಲಿ ಅತ್ತವರು ಯಾರೂ ಇಲ್ಲ, ಕೂಗಾಡಿದವರೇ ಎಲ್ಲ. ಅಮರನಾಥ ಹಾಗೆ ಸಿಟ್ಟಾದದ್ದನ್ನು ಜಗದೇವಿ ಅದುವರೆಗೆ ನೋಡಿರಲಿಲ್ಲ.

"ನಾ ಪುಣಾದಾಗ, ನೀ ಜಹೀರಾಬಾದಿನಾಗ. ಇದೆಂಥಾ ಸಂಸಾರ? ಮಂದಿ ಏನಂದಾರು?"

"ನಿಮ್ಮ ನೌಕರಿಗಿ ನೀವು ಹೊಂಟೀರಿ, ಹೋಗ್ರಿ. ನಾ ಅಡ್ಡ ಬರಲ್ಲ, ಖುಷೀಲಿಂದ ಕಳಸ್ತೀನಿ. ನನ್ನ ನೌಕರಿಗಿ ನಾ ಹೋಗ್ತೀನಿ. ಹೈದರಾಬಾದಿನಾಗ ಇದ್ರ ನಿಮಗ ಬಂದು ಹೋಗಾಕ ದೂರ. ಇಲ್ಲಿಗಿ ಹತ್ರ ಆಗ್ತದ."

"ಅದಕ್ಕ ಇದೇ ಊರು ಬೇಕಾತೇನು? ಅಣ್ಣನ ಅಂಗಡಿ ಮುಂದೇ ತಿರುಗಬೇಕೇನು ಚೀಲ ಹಾಕ್ಕೊಂಡು?"

"ಹೌದು. ಇದೇ ಊರು ಬೇಕು."

ಮನ್ಮಥಪ್ಪ ತನ್ನ ಮನೆಯ ಮಾಳಿಗೆಯ ಕೋಣೆ ಕೊಡುತ್ತೇನೆ, ಆದರೆ ನೌಕರಿ ಬಿಡಬೇಕು ಅಂದ. ಜಗದೇವಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಳು. ಅದಕ್ಕೂ ಊರು ಮಾತಾಡಿತು.

ಅವಳಿಗೆ ನೋವಾದದ್ದು ಮಗಳ ವಿಚಾರದಲ್ಲಿ. ಅಮ್ಮನ ಜೊತೆ ಇಲ್ಲೇ ಓದುತ್ತಾಳೆ ಅಂತ ಜಗದೇವಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಬಸವೇಶ್ವರಿ ತಲೆ ತಗ್ಗಿಸಿ, "ನಾ ಪಪ್ಪನ ಸಂಗಟ ಹೋಗ್ತೀನಿ ಮಮ್ಮಿ. ಪುಣಾ ನನಗ ಸೇರ್‍ಯದ," ಅಂದಳು. ಜಗದೇವಿ ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ತನ್ನನ್ನು ಯಾರೂ ಕೇಳಲಿಲ್ಲ ಅಂತ ಜಗಳ ತೆಗೆದವಳು ತಾನೂ ಮಗಳನ್ನು ಕೇಳಿರಲಿಲ್ಲ. ಮೂರನೆಯ ದಿನ ಕೂತು ಮಗಳ ಬಟ್ಟೆಗಳನ್ನು ತಾನೇ ಮಡಚಿ ಪೆಟ್ಟಿಗೆಗೆ ಇಟ್ಟಳು. "ಅಪ್ಪಗ ರೊಟ್ಟಿ ಮಾಡಿ ಹಾಕಾಕ ಹೊಂಟಿಲ್ಲ ನೀ. ಓದಾಕ ಹೊಂಟೀದಿ. ಅಡಗಿ ಅವರೂ ಕಲೀಲಿ," ಅಂದಳು. ಬಾಗಿಲಲ್ಲಿ ನಿಂತಿದ್ದ ಅಮರನಾಥ ಕೇಳಿಸಿಕೊಂಡ.

ಮಳೆಗಾಲದ ಹೊತ್ತಿಗೆ ಜಗದೇವಿ ಜಹೀರಾಬಾದ್–ನಾರಾಯಣಖೇಡ ಬಸ್ಸಿನಲ್ಲಿದ್ದಳು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಿಂತ ಗಂಡಸರು ಗೊಣಗಿದರೆ, "ಇಷ್ಟು ದಿನ ನೀವು ಕುಂತು ಹೋದ್ರಿ, ಈಗ ಅವರು ಕೂಡ್ಲಿ," ಅನ್ನುತ್ತಾ ಜೀರೋ ಟಿಕೆಟ್ ಹರಿದು ಹೆಂಗಸರ ಕೈಗೆ ಕೊಡುತ್ತಿದ್ದಳು. ಮನ್ಮಥಪ್ಪ ಬಹಳ ದಿನ ಮಾತು ಬಿಟ್ಟಿದ್ದ. ಗಿರಾಕಿಗಳು ಅಂಗಡಿಗೆ ಬಂದು, "ನಿಮ್ಮ ತಮ್ಮನ ಹೆಂಡ್ತಿ ಭಾರಿ ಗಟ್ಟಿ ಇದ್ದಾರ್ರಿ," ಅನ್ನುತ್ತಿದ್ದರು. ಹೊಗಳಿಕೆಯೋ ಚೇಷ್ಟೆಯೋ ತಿಳಿಯದೆ ಅವನು ಮೊದಮೊದಲು ಹೂಂ ಅನ್ನುತ್ತಿದ್ದ. ಮುಂದೆ, "ಹೌದು, ಕಂಡಕ್ಟರ್ ಇದ್ದಾಳ," ಅಂತ ತಾನೇ ಹೇಳತೊಡಗಿದ. ಒಪ್ಪಿಕೊಂಡನೋ, ಮುಚ್ಚಲಾಗದೆ ಬಿಟ್ಟನೋ, ಜಗದೇವಿ ವಿಚಾರಿಸಲು ಹೋಗಲಿಲ್ಲ.

ಅಮರನಾಥನ ಸಿಟ್ಟು ಕರಗಲು ಚಳಿಗಾಲವೇ ಬರಬೇಕಾಯಿತು. ಮೊದಲು ಅವಳು ಫೋನ್ ಹಚ್ಚಿದರೆ ಮಗಳ ಕೈಗೆ ಕೊಟ್ಟುಬಿಡುತ್ತಿದ್ದ. ಆಮೇಲೆ, ಬೇಳೆಗೆ ಒಗ್ಗರಣೆ ಮೊದಲೋ ಹುಳಿ ಮೊದಲೋ ಅಂತ ಕೇಳಲು ತಾನೇ ಹಚ್ಚತೊಡಗಿದ. ಒಂದು ಶನಿವಾರ ಹೇಳದೆ ಕೇಳದೆ ಬಂದ. ಹೆಂಡತಿ ಡ್ಯೂಟಿಯಲ್ಲಿದ್ದಳು. ಬಸ್ ಸ್ಟ್ಯಾಂಡಿಗೇ ಬಂದು ನಾರಾಯಣಖೇಡದ ಬಸ್ ಹತ್ತಿದ.

ಜಗದೇವಿ ಗದ್ದಲದೊಳಗೆ ಟಿಕೆಟ್ ಕೊಡುತ್ತಾ ಬಂದು ಅವನನ್ನು ನೋಡಿದಳು. ಅವನು ಬ್ಯಾಗು ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಿದ್ದ.

"ಎಲ್ಲಿಗ್ರಿ?" ಅಂದಳು.

"ಬಸ್ ಎಲ್ಲಿತನಕ ಹೋಗ್ತದ ಅಲ್ಲಿತನಕ," ಅಂದ ಅಮರನಾಥ.

ಜಗದೇವಿ ಪೂರಾ ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಎಣಿಸಿ ಅವನ ಕೈಗಿಟ್ಟಳು. ಸೀಟಿನಲ್ಲಿದ್ದ ಮುದುಕಿಯೊಬ್ಬಳು ಇಬ್ಬರ ಮುಖವನ್ನೂ ನೋಡಿ, "ಯಾರವ್ವಾ ಇವ್ರು?" ಅಂದಳು.

"ನಮ್ಮ ಮನಿಯವರು. ಪುಣಾದಾಗ ಇರ್ತಾರ."

"ಹಂಗಾರ ನೀ ಯಾವಾಗ ಹೋಗ್ತಿ ಅಲ್ಲಿಗಿ?"

"ನಾ ಹೋಗಲ್ಲ ಅಜ್ಜಿ," ಅಂದಳು ಜಗದೇವಿ, ಇಡೀ ಬಸ್ಸಿಗೆ ಕೇಳುವ ಹಾಗೆ. "ಅವರೇ ಬರ್ತಾರ." ಅಮರನಾಥ ನಕ್ಕ. ಅವಳು ಚೀಲ ಸರಿಮಾಡಿಕೊಂಡು, ಮಂದಿಯನ್ನು ಸರಿಸುತ್ತಾ ಮುಂದಿನ ಸೀಟಿಗೆ ಹೋದಳು.