ಮೂವತ್ತೆರಡು ರೊಟ್ಟಿ ಮತ್ತು ಕುಂಟ ಸರದಾರ

ಹೋದ ತಿಂಗಳು ಕುಷ್ಟಗಿಯ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಒಳಗಿನಿಂದ ಹಂಚಿನ ಮೇಲೆ ಸುಟ್ಟ ಜೋಳದ ಹಿಟ್ಟಿನ ವಾಸನೆ ಬಂತು, ಅದರ ಬೆನ್ನಿಗೇ ರೊಟ್ಟಿ ಬಡಿಯುವ ಸಪ್ಪಳ. ಮೂರು ಸಲ ಜೋರಾಗಿ, ಒಂದು ಗಳಿಗೆ ಸುಮ್ಮನೆ, ಆಮೇಲೆ ಎರಡು ಸಲ ಮೆಲ್ಲಗೆ. ನಮ್ಮ ಕಡೆ ಪ್ರತಿ ಹೆಣ್ಣುಮಗಳ ಕೈಗೂ ಅವಳದೇ ಒಂದು ಬಡಿತ ಇರುತ್ತದೆ. ಈ ಬಡಿತ ನನಗೆ ಗೊತ್ತಿತ್ತು. ಹುಡುಗಿಯಾಗಿದ್ದಾಗ ಆರು ವರ್ಷ ದಿನಾ ಸಂಜೆ ಹಿತ್ತಲ ಗೋಡೆಯಾಚೆಯಿಂದ ಕೇಳಿದ್ದು... ತಾಟಿನಲ್ಲಿದ್ದ ಬದನೆಕಾಯಿ ಪಲ್ಯ ಆರಿತು. ನಾನು ರೊಟ್ಟಿ ಎಣಿಸುತ್ತ ಕೂತೆ.

ಎಣಿಸುವುದು ನನ್ನ ಹುಟ್ಟುಗುಣ. ಗಿಣಿಗೇರಾದ ಹತ್ತಿರ ಒಂದು ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯ ನನ್ನ ಕೈಯಲ್ಲಿದೆ. ಬಂದ ಅದಿರಿನಲ್ಲಿ ಕಬ್ಬಿಣ ಎಷ್ಟು, ಕಸ ಎಷ್ಟು ಎಂದು ನಾನು ಬರೆದುಕೊಟ್ಟರೆ ಅದೇ ಕೊನೆಯ ಮಾತು, ಮ್ಯಾನೇಜರೂ ಎದುರಾಡುವುದಿಲ್ಲ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಗಳಿಸಿದ ಮಾತು ಅದು. ಆದರೆ ಇದೇ ಎಣಿಕೆ ಒಮ್ಮೆ ನನ್ನ ಮಾಸ್ತರ ಹಂಚಿಕೆಯನ್ನು ಕೆಡಿಸಿತ್ತು. ಅದನ್ನು ಮಾತ್ರ ಇಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ.

ಮಾಸ್ತರು ಇರಕಲ್ಲಗಡದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ನಮ್ಮ ಹಿತ್ತಲಿಗೆ ಅಂಟಿಕೊಂಡ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು, ಮಕ್ಕಳಿರಲಿಲ್ಲ. ಮೊಣಕೈವರೆಗೆ ಮಡಿಚಿದ ಬಿಳಿ ಅಂಗಿ, ಜೇಬಿನಲ್ಲಿ ಸದಾ ಒಂದು ಹಿಡಿ ಹುಣಸೆ ಬೀಜ. ಶನಿವಾರದ ಮುಂಜಾನೆ ಸಾಲೆಯ ಕೊನೆಯ ಪೀರಿಯಡ್ ಬಂತೆಂದರೆ ಪುಸ್ತಕ ಮುಚ್ಚಿಸಿ, ಬೀಜಗಳನ್ನು ನೆಲದ ಮೇಲೆ ಸುರಿದು, ನಾಲ್ಕುನೂರು ವರ್ಷಕ್ಕೂ ಹಿಂದೆ ಜಪಾನಿನಲ್ಲಿದ್ದ ಒಬ್ಬ ಸಮುರಾಯ್ ಕಥೆ ತೆಗೆಯುತ್ತಿದ್ದರು. ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂದು ಹೆಡ್ ಮಾಸ್ತರು ಗೊಣಗಿದರೆ, "ಪರೀಕ್ಷಾಕ ಬರೂದಿಲ್ರಿ, ಬಾಳ್ವಿಗಿ ಬರತೈತಿ" ಅನ್ನುತ್ತಿದ್ದರು.

ಆ ಸಮುರಾಯ್ ಹೆಸರು ನಮ್ಮ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ನಮಗೆಲ್ಲ ಅವನು ಕುಂಟ ಸರದಾರ. ಕತ್ತಿ ಹಿಡಿದು ಮುಂದೆ ನುಗ್ಗುವವನಲ್ಲ, ಹಿಂದೆ ಕೂತು ಯುದ್ಧದ ಹಂಚಿಕೆ ಹಾಕುವವನು. ಒಂದು ಕಣ್ಣಿಲ್ಲ, ಒಂದು ಕಾಲು ಊನ. ಬಡ ಮನೆತನದಲ್ಲಿ ಹುಟ್ಟಿ, ಹರೆಯದಲ್ಲೇ ಮನೆ ಬಿಟ್ಟು, ದೇಶವೆಲ್ಲ ಕುಂಟುತ್ತಲೇ ಸುತ್ತಿದ. ಯಾವ ಕೋಟೆಯ ಗೋಡೆ ಎಲ್ಲಿ ತೆಳು, ಯಾವ ಹೊಳೆ ಎಲ್ಲಿ ದಾಟಲು ಬರುತ್ತದೆ, ಯಾವ ಒಡೆಯನಿಗೆ ಯಾವ ಮಾತಿಗೆ ಸಿಟ್ಟು ಬರುತ್ತದೆ, ಎಲ್ಲ ತಲೆಯಲ್ಲಿ ತುಂಬಿಕೊಂಡ. ಯಾರೂ ಕೆಲಸ ಕೊಡಲಿಲ್ಲ. ಒಬ್ಬ ದೊಡ್ಡ ದೊರೆಯ ಬಾಗಿಲಲ್ಲಿ ವರ್ಷಗಟ್ಟಲೆ ಕಾದ. ಈ ರೂಪಕ್ಕೆ ದಂಡು ಬೇರೆ ಕೇಡು ಎಂದು ಅಲ್ಲಿಯವರು ನಕ್ಕರು. ನಡುವಯಸ್ಸಿನಲ್ಲಿ ಒಬ್ಬ ಹರೆಯದ ದೊರೆ ಅವನನ್ನು ಕರೆಸಿಕೊಂಡ. ಮುಖ ನೋಡಿದ, ಮಾತು ಕೇಳಿದ, ಕೊಡುತ್ತೇನೆಂದದ್ದಕ್ಕಿಂತ ಇಮ್ಮಡಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಈ ಜಾಗಕ್ಕೆ ಬಂದಾಗ ಮಾಸ್ತರು ಹಿಂದಿನ ಬೆಂಚಿನವರನ್ನೇ ನೋಡುತ್ತಿದ್ದರು.

ಕೊನೆಯ ಯುದ್ಧದ ದಿನ ಮಾತ್ರ ಇಡೀ ವರ್ಗ ನೆಲಕ್ಕಿಳಿದು ಬೀಜಗಳ ಸುತ್ತ ಕೂರುತ್ತಿತ್ತು. "ನಮ್ಮ ವಿರೂಪಾಪುರಗಡ್ಡಿ ಇದ್ದಂಗ ಅನ್ಕೋರಿ, ಸುತ್ತ ನೀರು, ನಡುವ ಬಯಲು." ಬಯಲಿನಾಚೆ ಗುಡ್ಡ, ಗುಡ್ಡದ ಮೇಲೆ ವೈರಿ. ಮರಕುಟಿಗ ಹಕ್ಕಿ ಮರದ ಬೆನ್ನಿಗೆ ಕುಟುಕುತ್ತದಂತೆ. ಹುಳ ಹೆದರಿ ಮುಂದಿನ ತೂತಿನಿಂದ ಹೊರಗೆ ಬರುತ್ತದಂತೆ. ಹಕ್ಕಿ ಅಲ್ಲಿ ಹಿಡಿಯುತ್ತದಂತೆ. ಕುಂಟ ಸರದಾರ ಹಾಕಿದ್ದು ಇದೇ ಹಂಚಿಕೆ. ಅರ್ಧ ದಂಡು ಗುಡ್ಡ ಸುತ್ತಿ ಹಿಂದಿನಿಂದ ಬೀಳಬೇಕು, ವೈರಿ ಗಾಬರಿಯಾಗಿ ಬಯಲಿಗೆ ಇಳಿಯಬೇಕು, ಅಲ್ಲಿ ದೊರೆ ಕಾದಿರಬೇಕು. ಆದರೆ ಆ ಸಂಜೆ ದೊರೆಯ ಕೋಟೆಯೊಳಗಿನ ಅಡುಗೆಯ ಹೊಗೆ ದಿನಕ್ಕಿಂತ ಹೆಚ್ಚು ಎದ್ದಿತ್ತು, ಬುತ್ತಿ ಕಟ್ಟಬೇಕಲ್ಲ. ವೈರಿ ಅದನ್ನು ನೋಡಿದ, ತಿಳಿದುಕೊಂಡ, ಸಪ್ಪಳವಿಲ್ಲದೆ ಮೊದಲೇ ಗುಡ್ಡ ಇಳಿದ. ಮುಂಜಾನೆ ಮಂಜು ಸರಿದಾಗ ಅವನ ದಂಡು ದೊರೆಯ ಎದುರಿಗೇ ನಿಂತಿತ್ತು.

ಎಲ್ಲ ತನ್ನಿಂದಲೇ ಹಾಳಾಯಿತೆಂದು ಕುಂಟ ಸರದಾರ ನಾಲ್ಕು ಜನರನ್ನು ಕಟ್ಟಿಕೊಂಡು ವೈರಿಯ ನಡುವೆ ನುಗ್ಗಿ ಸತ್ತ. ಅವನು ಬಿದ್ದ ಮೇಲೆ ಗುಡ್ಡ ಸುತ್ತಲು ಹೋದ ದಂಡು ಬಂತು. ವೈರಿ ಹಿಂದೆ ಸರಿದ, ದೊರೆ ಉಳಿದ. ಮಾಸ್ತರು ಬೀಜಗಳನ್ನು ಒಂದೊಂದಾಗಿ ಜೇಬಿಗೆ ಹಾಕಿಕೊಳ್ಳುತ್ತ, "ಅಂವ ಸೋತಿದ್ದಿಲ್ರೋ. ಒಂದು ತಾಸು ತಡೀಲಿಲ್ಲ, ಅಷ್ಟ" ಅನ್ನುತ್ತಿದ್ದರು. ಪ್ರತಿ ವರ್ಷ ಅದೇ ಮಾತು, ಅದೇ ದನಿ.

ನಾನು ಹತ್ತನೇ ಇಯತ್ತೆಯಲ್ಲಿ ಸಾಲೆಗೇ ಮೊದಲು ಬಂದೆ. ಕೊಪ್ಪಳದ ಕಾಲೇಜಿನಲ್ಲಿ ವಿಜ್ಞಾನ ಓದುವ ಹಟ. ಅಜ್ಜ ಬೇಡ ಅಂದ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ ನಮ್ಮ ಮನೆತನದಲ್ಲಿ ಇರಲಿಲ್ಲ, ಅಷ್ಟೇ ಅವನ ಕಾರಣ. ಅಪ್ಪ ಅಜ್ಜನ ಎದುರು ಬಾಯಿ ತೆರೆಯುವವನಲ್ಲ. ಅಜ್ಜನ ಜೊತೆ ವಾದ ಮಾಡಲಿಕ್ಕೂ ಆಗುತ್ತಿರಲಿಲ್ಲ, ಏಕೆಂದರೆ ಅವನು ಸಿಗುತ್ತಲೇ ಇರಲಿಲ್ಲ. ಜಾತ್ರೆಯ ವಂತಿಗೆ ಪಟ್ಟಿ ಕೇಳುವವರು, ನ್ಯಾಯ ಹೇಳಿಸಿಕೊಳ್ಳುವವರು, ಯಾರು ಮುಂಬಾಗಿಲಿಗೆ ಬಂದರೂ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ನಡೆದುಬಿಡುತ್ತಿದ್ದ. ಊರಿಗೆಲ್ಲ ಇದು ಗೊತ್ತಿದ್ದ ಸಂಗತಿ.

ಮಾಸ್ತರು ಹಿಡಿದದ್ದು ಈ ಚಾಳಿಯನ್ನೇ. ಅಜ್ಜ ಈ ಭೂಮಿಯ ಮೇಲೆ ಅಂಜುತ್ತಿದ್ದದ್ದು ಒಬ್ಬರಿಗೇ, ಗಂಗಾವತಿಯ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿದ್ದ ಅವನ ಅಕ್ಕನಿಗೆ. ನಾವು ಅವಳನ್ನು ಗಂಗಾವತಿ ಅಜ್ಜಿ ಅನ್ನುತ್ತಿದ್ದೆವು. ಮಾಸ್ತರು ತಾವೇ ಗಂಗಾವತಿಗೆ ಹೋಗಿ ಅವಳನ್ನು ಒಪ್ಪಿಸಿ ಬಂದಿದ್ದರು. ಸೋಮವಾರ ಮುಂಜಾನೆ ಹೆಡ್ ಮಾಸ್ತರು, ಮಾಸ್ತರು, ಊರ ಹಿರಿಯರು ನಮ್ಮ ಮುಂಬಾಗಿಲಿಗೆ ಬರುವುದು. ಅಜ್ಜ ಎಂದಿನಂತೆ ಹಿತ್ತಲಿನಿಂದ ಜಾರುವುದು. ಹೊಲದ ದಾರಿಯ ಬೇವಿನ ಮರದ ಕೆಳಗೆ ಅಕ್ಕ ಕೂತಿರುವುದು. ಅರ್ಜಿ ಕೊಡಲು ಮಂಗಳವಾರ ಕೊನೆಯ ದಿನ. ಈ ಹಂಚಿಕೆಯ ಸುಳಿವು ನನಗೂ ಇರಲಿಲ್ಲ.

ಭಾನುವಾರ ಸಂಜೆ ಅಜ್ಜ ಹಿತ್ತಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಗೋಡೆಯಾಚೆ ಮಾಸ್ತರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. ಮೂರು ಜೋರು, ಎರಡು ಮೆಲ್ಲಗೆ, ಆಮೇಲೆ ಹಂಚಿಗೆ ಹಾಕುವ ಬಿಡುವು... ಅದು ಮುಗಿಯಲೇ ಇಲ್ಲ. ಅಜ್ಜನ ಕಿವಿ ನೆಟ್ಟಗಾಯಿತು. "ಎಟ್ಟು ಆದವು ನೋಡವಾ?" ಎಂದು ಕೇಳಿದ. ಕೇಳಿದ್ದೇ ನನ್ನನ್ನು, ಎಣಿಕೆಯಲ್ಲಿ ನನ್ನನ್ನು ಮೀರಿಸುವವರು ಆ ಓಣಿಯಲ್ಲಿ ಯಾರಿದ್ದರು? ನಾನು ಆಗಲೇ ಎಣಿಸಿ ಇಟ್ಟುಕೊಂಡಿದ್ದೆ.

"ಮೂವತ್ತೆರಡು" ಅಂದೆ, ಹೆಮ್ಮೆಯಿಂದ.

"ಇಬ್ಬರ ಮನ್ಯಾಗ ಮೂವತ್ತೆರಡು ರೊಟ್ಟಿ," ಎಂದ ಅಜ್ಜ, ಮೀಸೆ ಸವರಿಕೊಂಡು. "ನಾಳಿ ಮಾಸ್ತರ ಮಂದಿ ಕೂಡಸ್ಯಾನ."

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅಜ್ಜ ಯಲಬುರ್ಗಿಯ ಬೀಗರ ಮನೆಗೆ ಹೊರಟುಹೋಗಿದ್ದ.

ಹಿರಿಯರೆಲ್ಲ ಬಂದು ಪಡಸಾಲೆಯಲ್ಲಿ ಕೂತರು. ಹಿತ್ತಲ ಬಾಗಿಲಿನಿಂದ ಯಾರೂ ಹೋಗಲಿಲ್ಲ. ಗಂಗಾವತಿ ಅಜ್ಜಿ ಬೇವಿನ ನೆರಳು ಸರಿದಂತೆಲ್ಲ ತಾನೂ ಸರಿಯುತ್ತ ಕೂತಿದ್ದಳು. ಅಜ್ಜ ಊರಲ್ಲೇ ಇಲ್ಲ, ರೊಟ್ಟಿ ಸಪ್ಪಳ ಕೇಳಿಯೇ ಹೋದ ಎಂದು ಅಪ್ಪ ಮೆಲ್ಲಗೆ ಹೇಳಿದಾಗ ಮಾಸ್ತರ ಮುಖ ನಾನು ನೋಡಿದೆ. ವರ್ಷ ವರ್ಷ ಹೊಗೆಯ ಪಾಠ ಹೇಳಿದವರು ತಮ್ಮ ಮನೆಯ ರೊಟ್ಟಿಯ ಸಪ್ಪಳವನ್ನು ಮರೆತಿದ್ದರು. ಅವರು ಎದ್ದು ನಿಂತರು. ಯಾರನ್ನೂ ಬಹುವಚನವಿಲ್ಲದೆ ಕರೆಯದ ಮನುಷ್ಯ, ಓಣಿಗೆಲ್ಲ ಕೇಳುವಂತೆ ಅಪ್ಪನಿಗೆ ಅಂದರು: "ನಿಮ್ಮಪ್ಪ ಅಂಜುಬುರುಕ ಅದಾನ. ಒಂದು ಹುಡುಗಿ ಅರ್ಜಿಗೆ ಅಂಜಿ ಓಡಿ ಹೋಗ್ಯಾನ."

ಬಾಯಿಂದ ಹೋದ ಮಾತು ಅವರಿಗೂ ತಟ್ಟಿತೆಂದು ತೋರುತ್ತದೆ. ತಲೆ ತಗ್ಗಿಸಿ ಹೊರಟರು. ಸಾಲೆಗೆ ಇನ್ನೂ ಸೂಟಿ ಇತ್ತು. ಹನ್ನೆರಡರ ಬಸ್ಸಿಗೆ ಹೆಂಡತಿಯನ್ನು ಕರೆದುಕೊಂಡು ಅವರ ತವರು ಕುಷ್ಟಗಿಗೆ ಹೋಗಿಬಿಟ್ಟರು. ಮೂವತ್ತೆರಡು ರೊಟ್ಟಿ ಬುಟ್ಟಿಯಲ್ಲೇ ಉಳಿದಿದ್ದವು.

ಅಷ್ಟರಲ್ಲಿ ಅಜ್ಜಿಯನ್ನು ಬೇವಿನ ಕೆಳಗೆ ಕಂಡ ಅವ್ವ ಒಂದು ಕೆಲಸ ಮಾಡಿದ್ದಳು. ಮುಂಜಾನೆಯ ಎರಡನೆಯ ಬಸ್ಸಿನ ಕಂಡಕ್ಟರನ ಬಾಯಲ್ಲಿ ಯಲಬುರ್ಗಿಗೆ ಒಂದೇ ಮಾತು ಹೇಳಿಕಳಿಸಿದ್ದಳು, ಅಕ್ಕ ಬಂದು ಬೇವಿನ ಕೆಳಗೆ ಕೂತಾರ ಅಂತ. ತವರಿಗೆ ಬಂದ ಅಕ್ಕನನ್ನು ಬಿಸಿಲಲ್ಲಿ ಕೂರಿಸಿ ತಮ್ಮ ಬೀಗರ ಮನೆಯಲ್ಲಿ ಉಣ್ಣುವುದುಂಟೇ? ಅಜ್ಜ ಒಂದರ ಬಸ್ಸಿಗೆ ಬಂದಿಳಿದ.

ಗಂಗಾವತಿ ಅಜ್ಜಿ ಅವನೊಡನೆ ಜಗಳವಾಡಲಿಲ್ಲ. ನೀರು ಸಹಿತ ಮುಟ್ಟದೆ ಗಂಗಾವತಿಗೆ ಹೊರಟು ನಿಂತಳು. ತವರಿನಿಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ಅವ್ವ ಅಕ್ಕಿ, ಕೊಬ್ಬರಿ, ಕುಬಸದ ಖಣ ತಾಟಿನಲ್ಲಿ ತಂದಳು. ಅಜ್ಜಿ ಸೆರಗು ಹಿಂದಕ್ಕೆ ಎಳೆದುಕೊಂಡಳು.

"ಅಕ್ಕಿ ನಮ್ಮ ಗಿರಣಿ ತುಂಬ ಐತಿ. ನನ್ನ ಉಡಿಯಾಗ ಹಾಕೂದಿದ್ರ ಈ ಹುಡುಗಿ ಅರ್ಜಿ ಹಾಕು, ತಮ್ಮಾ. ಇಲ್ಲಂದ್ರ ಬರಿ ಉಡೀಲೆ ಹೊಕ್ಕೀನಿ, ತಿರುಗಿ ಈ ಹೊಸ್ತಿಲಾ ತುಳಿಯೂದಿಲ್ಲ."

ಅಜ್ಜ ಒಮ್ಮೆ ಬೇವಿನ ಕಡೆ ನೋಡಿದ. ಆಮೇಲೆ ಅರ್ಜಿಗಾಗಿ ನನ್ನ ಕಡೆ ಕೈ ಚಾಚಿದ. ಅಪ್ಪನ ಸಹಿ ಮಾಡಿಸಿ, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ತಾನೇ ಅಕ್ಕನ ಉಡಿಗೆ ಹಾಕಿದ. ಅಜ್ಜಿ ಅದನ್ನು ಉಡಿಯಿಂದ ತೆಗೆದು ನನ್ನ ಕೈಗಿಟ್ಟಳು. ಮಂಗಳವಾರ ನಾನೂ ಅಪ್ಪನೂ ಕೊಪ್ಪಳಕ್ಕೆ ಹೋದೆವು. ಅರ್ಜಿಗೆ ಉಡಿಯ ಅರಿಶಿನ ಹತ್ತಿತ್ತು. ಕಾಲೇಜಿನ ಗುಮಾಸ್ತ ಅದನ್ನು ಮೂಸಿ ನೋಡಿ ಮುದ್ರೆ ಒತ್ತಿದ.

ಮಾಸ್ತರು ಮತ್ತೆ ನಮ್ಮ ಸಾಲೆಗೆ ಬರಲಿಲ್ಲ. ಬೀದರ ಕಡೆ ವರ್ಗ ಮಾಡಿಸಿಕೊಂಡರಂತೆ. ಅವರ ಸಾಮಾನು ಹೋದ ದಿನ ನಾನು ಕಾಲೇಜಿನಲ್ಲಿದ್ದೆ. ಆಡಿದ ಮಾತಿಗೆ ನಾಚಿ ಅವರು ನಮ್ಮ ಓಣಿಗೆ ಕಾಲಿಡಲಿಲ್ಲ, ಗಾಡಿಯವನನ್ನು ಕಳಿಸಿದ್ದರು. ಬೀದರದ ಸಾಲೆಯ ವಿಳಾಸಕ್ಕೆ ಒಂದು ಪತ್ರ ಬರೆದೆ, ಮುಟ್ಟಿತೋ ಇಲ್ಲವೋ. ಎರಡನೆಯದು ಬರೆಯಲು ಕೂತರೆ ಮೂವತ್ತೆರಡು ಎಂದು ಹೇಳಿದ ನನ್ನ ದನಿಯೇ ಕಿವಿಯಲ್ಲಿ... ಹಾಳೆ ಮಡಿಚಿಡುತ್ತಿದ್ದೆ. ಆಮೇಲೆ ಡಿಗ್ರಿ, ಲಗ್ನ, ನೌಕರಿ. ಒಂದಲ್ಲ ಒಂದು ದಿನ ನಾನೇ ಹೋಗಿ ಹೇಳುತ್ತೇನೆ ಎಂದುಕೊಳ್ಳುವುದು ರೂಢಿಯಾಗಿಬಿಟ್ಟಿತು. ನನಗೆ ಧೈರ್ಯ ಕಡಿಮೆ ಇರಲಿಲ್ಲ. ಈ ಒಂದಕ್ಕೆ ಮಾತ್ರ ಕಾಲು ಏಳಲಿಲ್ಲ.

ಖಾನಾವಳಿಯಲ್ಲಿ ಕೈ ತೊಳೆದುಕೊಂಡು ಒಳಗೆ ಹೋದೆ. ಒಲೆಯ ಮುಂದೆ ಕೂತಿದ್ದವರು ಅವರೇ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಡಿತ ಬದಲಾಗಿಲ್ಲ. ಗುರುತು ಹೇಳಿದೆ. ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದರು. ಖಾನಾವಳಿ ಅವರ ತಮ್ಮನದಂತೆ. "ಒಬ್ಬಾಕಿಗೆ ಅಂತ ಹಿಟ್ಟು ನಾದಾಕ ಮನಸ್ಸು ಬರೂದಿಲ್ಲವಾ. ಇಲ್ಲಿ ಬಂದು ಮಂದಿಗೆ ಬಡೀತೀನಿ" ಎಂದರು. ಅಷ್ಟರಲ್ಲೇ ನನಗೆ ತಿಳಿಯಿತು. ಮಾಸ್ತರು ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದರು.

ಬೀದರದಲ್ಲಿದ್ದಾಗ ಯಾರೋ ನಮ್ಮೂರ ಕಡೆಯವರು ಸಿಕ್ಕು, ಆ ಹುಡುಗಿಯ ಲಗ್ನ ಆಯಿತು ಎಂದರಂತೆ. ನನ್ನನ್ನು ಓದಿಸಲೇ ಇಲ್ಲವೆಂದು ತಿಳಿದು ಮಾಸ್ತರು ಮುಂದೆ ಏನೂ ಕೇಳಲಿಲ್ಲವಂತೆ. ಅಂದಿನಿಂದ ಸಾಲೆಯಲ್ಲಿ ಆ ಕಥೆ ಹೇಳುವುದನ್ನು ಬಿಟ್ಟರಂತೆ. ಹುಣಸೆ ಬೀಜ ಮಾತ್ರ ಜೇಬಿನಲ್ಲಿ ಇರುತ್ತಿತ್ತು. "ಅವತ್ತ ನಾ ಚಪಾತಿ ಲಟ್ಟಿಸಿದ್ರ ಸಪ್ಪಳ ಆಗ್ತಿರಲಿಲ್ಲ. ಎಷ್ಟು ವರ್ಷ ಅಂದ್ಕೊಂಡೀನೋ," ಎಂದು ಅವರು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಎಣಿಸಿ ಹೇಳಿದ್ದು ನಾನು ಎಂದೆ. ಕಾಲೇಜು, ಡಿಗ್ರಿ, ಕಾರ್ಖಾನೆ, ಅಜ್ಜಿಯ ಉಡಿ, ಎಲ್ಲ ಹೇಳಿದೆ. ಹೇಳುತ್ತ ಅತ್ತೆ. ಗುಡ್ಡ ಸುತ್ತಿಕೊಂಡು ತಡವಾಗಿ ಬಂದ ದಂಡು ನಾನೇ ಆಗಿದ್ದೆ, ಗೆದ್ದ ಸುದ್ದಿ ಯಾರಿಗೆ ಮುಟ್ಟಬೇಕಿತ್ತೋ ಅವರೇ ಇರಲಿಲ್ಲ.

ಅವರು ಅಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೂ ತಿರುವಲಿಲ್ಲ. ಆಮೇಲೆ ಕೇಳಿದರು: "ಆ ಕುಂಟ ಸರದಾರನ ಕಥಿ ಸಾಲ್ಯಾಗ ಹೇಳ್ತಿದ್ರು, ಮನ್ಯಾಗ ಎಂದೂ ಪೂರಾ ಹೇಳಲಿಲ್ಲ. ಕೊನಿಗೆ ಅವನ ಕಡಿ ಮಂದಿ ಗೆದ್ರೇನವಾ?"

"ಗೆದ್ರು, ಅಮ್ಮಾರ," ಎಂದೆ. "ಅಂವಗ ಗೊತ್ತಾಗಲಿಲ್ಲ, ಅಷ್ಟ."

ಅವರು ತಲೆಯಾಡಿಸಿದರು. ಕರಕಾದ ರೊಟ್ಟಿಯನ್ನು ಪಕ್ಕಕ್ಕಿಟ್ಟು, ನನಗಾಗಿ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದರು.