ಇಳಿಸದ ನಕ್ಷತ್ರ

ನಕ್ಷತ್ರ ಇಳಿಸಿದವರ ಮನೆಯಲ್ಲೇ ಮುಂದಿನ ವರ್ಷದ ಕ್ರಿಸ್‌ಮಸ್ ಊಟ. ಇದು ಆ ಕುಟುಂಬದ ತಾಯಿ ಮಾಡಿಟ್ಟ ಕಟ್ಟಳೆ. ಊಟ ಮುಗಿದ ಮೇಲೆ ಮೂವರು ಮಕ್ಕಳಲ್ಲಿ ಯಾರಾದರೊಬ್ಬರು ಮರದ ತುದಿಯ ತಗಡಿನ ನಕ್ಷತ್ರ ಇಳಿಸಿ ಮನೆಗೆ ಒಯ್ಯಬೇಕು. ಮರುವರ್ಷ ಮರವೂ ಊಟವೂ ಅಲ್ಲಿ. ತಾಯಿ ಇರುವವರೆಗೆ ನಕ್ಷತ್ರ ಮೂರು ಮನೆ ಸುತ್ತಿತು. ಅವರು ಹೋದ ಮೇಲೆ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಬೇರುಬಿಟ್ಟಿತು.

ಆ ಮನೆ ಮೂವರಲ್ಲಿ ಹಿರಿಯಳಾದ ಅಕ್ಕನದು. ಬಟ್ಟೆ ಹೊಲಿದು ಒಬ್ಬಳೇ ಬದುಕುತ್ತಿದ್ದಳು. ತಮ್ಮಂದಿರ ಮಕ್ಕಳ ಬಾಯಲ್ಲಿ ಸೂಜಿ ಅತ್ತೆ. ಬಾಯಲ್ಲಿ ಗುಂಡುಸೂಜಿ ಇದ್ದಾಗ ಮಾತ್ರ ಸುಮ್ಮನಿರುತ್ತಾಳೆ ಎಂದು ಗಿರಾಕಿಗಳು ನಗುತ್ತಿದ್ದರು. ತಮ್ಮಂದಿರ ಎದುರು ಸೂಜಿಯಿಲ್ಲದೆಯೂ ಸುಮ್ಮನಿರುತ್ತಿದ್ದಳು.

ಇದ್ದದ್ದು ಎರಡೇ ಕೋಣೆ. ಹಿಂದಿನದು ಅಡುಗೆಮನೆ. ಹೊಲಿಗೆ, ನಿದ್ದೆ, ಗಿರಾಕಿ ಎಲ್ಲ ಮುಂದಿನದರಲ್ಲಿ. ಮರ ನಿಲ್ಲುತ್ತಿದ್ದುದು ಬಾಗಿಲಿಗೂ ಹೊಲಿಗೆ ಯಂತ್ರಕ್ಕೂ ನಡುವೆ. ಬಟ್ಟೆ ಕತ್ತರಿಸುವ ಮೇಜನ್ನು ಅಡ್ಡ ಎಳೆದರೆ ಎಲ್ಲರೂ ಊಟಕ್ಕೆ ಕೂರಬಹುದಿತ್ತು. ಆದರೆ ಅಡುಗೆಮನೆ ಕಡೆ ಇದ್ದವರು ಹೊರಗೆ ಬರಬೇಕಾದರೆ ನಾಲ್ವರು ಏಳಬೇಕು. ಆ ಕಡೆ ಇರುತ್ತಿದ್ದವಳು ಅವಳೇ. ಹುರಿದ ಕೋಳಿ, ಆಲೂಗಡ್ಡೆ, ಕೇಕು ಎಲ್ಲ ಈಚೆ ದಾಟುತ್ತಿದ್ದವು, ಅವಳೊಬ್ಬಳನ್ನು ಬಿಟ್ಟು.

ಉಂಡವರು ಅಕ್ಕನ ಕೈರುಚಿ ಯಾರಿಗೂ ಬರುವುದಿಲ್ಲ ಎಂದು ಹೊಗಳಿ, ಮರ ಇನ್ನೆರಡು ದಿನ ಇರಲಿ ಎಂದು ಜಾರಿಕೊಳ್ಳುತ್ತಿದ್ದರು. ಅವಳು ವಾರ ಕಾಯುತ್ತಿದ್ದಳು. ಬಟ್ಟೆ ಗುಡ್ಡೆ ಬೀಳುತ್ತಿತ್ತು, ಯಂತ್ರ ಮರದ ಹಿಂದೆ. ಕೊನೆಗೆ ತಾನೇ ಸ್ಟೂಲು ಹತ್ತುತ್ತಿದ್ದಳು. ಇಳಿಸಿದವರ ಮನೆಯಲ್ಲೇ ಊಟ.

ಆಗಲ್ಲ ಅಂತ ಹೇಳಿಬಿಡು ಎಂದು ಎದುರುಮನೆಯ ಗೆಳತಿ, ಶಾಲೆಯ ಟೀಚರ್, ಪ್ರತಿ ವರ್ಷ ಬೈಯುತ್ತಿದ್ದಳು. ಹೇಳಿದರೆ ಅಮ್ಮನ ಊಟವೇ ನಿಂತುಹೋಗುತ್ತದೆ ಎಂದು ಇವಳ ಭಯ. ಉಗುಳಲೂ ಆಗದ, ನುಂಗಲೂ ಆಗದ ತುತ್ತು.

"ಒಂದೇ ಒಂದು ಸಲ ತಮ್ಮಂದಿರ ಮನೆಗೆ ಕೈ ಬೀಸ್ಕೊಂಡು ಹೋಗಿ, ಬಾಗಿಲ ಪಕ್ಕ ಕೂತು ಊಟ ಮಾಡ್ಬೇಕು ಕಣೆ. ಸಾಕು ಅನ್ನಿಸಿದ್ರೆ ಎದ್ದು ಹೋಗೋ ಹಾಗೆ" ಎಂದು ಇವಳು ಒಮ್ಮೆ ಟೀಚರ್ ಹತ್ತಿರ ಹೇಳಿದ್ದಳು.

ಕಳೆದ ಕ್ರಿಸ್‌ಮಸ್‌ಗೆ ಅವಳು, ಗಿರಾಕಿಗಳ ಬಟ್ಟೆಯಲ್ಲಿ ಉಳಿದ ಕೆಂಪು ಮಖಮಲ್ಲಿನಲ್ಲಿ ನಕ್ಷತ್ರದ ಅಳತೆಗೆ ಒಂದು ಚೀಲ ಹೊಲಿದು ಕೊಂಬೆಗೆ ನೇತುಹಾಕಿದಳು. ಕೇಕು ಹಂಚಿದ ಮೇಲೆ ಮೇಜಿನಾಚೆ ನಿಂತೇ ಹೇಳಿದಳು: "ಈ ಸಲ ನಾನು ಇಳಿಸಲ್ಲ ಕಣ್ರೋ. ಯಾರು ತಗೊಂಡು ಹೋಗ್ತೀರೋ ತಗೊಂಡು ಹೋಗಿ."

ದೊಡ್ಡ ತಮ್ಮ ಚಿಕ್ಕವನ ಮುಖ ನೋಡಿದ. ಚಿಕ್ಕವನು ಚೀಲ ಮುಟ್ಟಿ ನೋಡಿ, "ಅಬ್ಬಾ, ಏನ್ ಹೊಲಿಗೆ ಅಕ್ಕಾ ನಿಂದು" ಎಂದ. ಎಲ್ಲರೂ ನಕ್ಕರು. ತಟ್ಟೆಗಳನ್ನು ಎದೆಗವಚಿಕೊಂಡು ನಿಂತಿದ್ದ ಅವಳೂ ನಕ್ಕಳು. ನಕ್ಷತ್ರ ಅಲ್ಲೇ ಉಳಿಯಿತು.

ಆದರೆ ಆಡಿದ ಮಾತಿಗೆ ಅವಳು ತಪ್ಪಲಿಲ್ಲ. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಪ್ಲಾಸ್ಟಿಕ್ ಕೊಂಬೆಗಳ ಅಡಿಯಲ್ಲಿ ಬಗ್ಗಿ ನುಸುಳಿ ಯಂತ್ರದ ಮುಂದೆ ಕೂರುತ್ತಿದ್ದಳು, ಬಗ್ಗಿಯೇ ಹೊರಬರುತ್ತಿದ್ದಳು. ತಲೆಗೂದಲಲ್ಲಿ ಸದಾ ಎರಡು ಹಸಿರು ಎಸಳು. ಮುಂದಿನ ಹಬ್ಬಕ್ಕೆ ಈಗಲೇ ತಯಾರಿಯಾ ಎಂದು ಗಿರಾಕಿಗಳು ಕೆಣಕಿದರೆ, ತೆಗೆಯುವವರು ದಾರಿಯಲ್ಲಿದ್ದಾರೆ ಎನ್ನುತ್ತಿದ್ದಳು. ಧೂಳು ಕೂರುತ್ತಲ್ಲ ಅಕ್ಕ ಎಂದು ದೊಡ್ಡ ತಮ್ಮ ಫೋನಿನಲ್ಲಿ ಕಾಳಜಿ ತೋರಿದ. "ಕೂರಲಿ ಬಿಡೋ. ನಾನೂ ಕೂತಿದ್ದೀನಲ್ಲ" ಎಂದಳು. ನಾನೇ ಇಳಿಸಿಬಿಡುತ್ತೇನೆ ಎಂದು ಟೀಚರ್ ಸ್ಟೂಲು ಎಳೆದಾಗ ಕೈ ಹಿಡಿದುಕೊಂಡಳು: "ಹುಷಾರು, ನಮ್ಮವರೆಲ್ಲ ನಿಮ್ಮನೆಗೆ ಬಂದು ಕೂರ್ತಾರೆ."

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ, ಯಂತ್ರದ ಮುಂದೆ ಕೂತಲ್ಲೇ, ಅವಳ ಎದೆಬಡಿತ ನಿಂತಿತು. ಸೂಜಿಯಡಿಯಲ್ಲಿ ಯಾರದೋ ಅಂಗಿಯ ತೋಳು ಅರ್ಧ ಹೊಲಿದಿತ್ತು.

ಶವಪೆಟ್ಟಿಗೆ ತಂದವರು ಮರ ಅಡ್ಡವಾಗುತ್ತದೆ ಎಂದರು. ತುದಿಯಲ್ಲಿ ನಕ್ಷತ್ರವಿದ್ದಂತೆ ಮರವನ್ನು ಬಾಗಿಲಲ್ಲಿ ತಿರುಗಿಸಲು ಆಗುವುದಿಲ್ಲ ಎಂಬುದು ತಮ್ಮಂದಿರಿಬ್ಬರಿಗೂ ಗೊತ್ತಿತ್ತು. ತುಂಬ ಹೊತ್ತು ಯಾರೂ ಕೈ ಎತ್ತಲಿಲ್ಲ. ಆಮೇಲೆ ಚಿಕ್ಕವನು ಸ್ಟೂಲು ಹತ್ತಿದ. ಇಳಿಸಿದ ಮೇಲೆ ಎಲ್ಲಿಡುವುದೆಂದು ತಿಳಿಯದೆ ಅಲ್ಲೇ ನಿಂತ. ಟೀಚರ್ ಕೊಂಬೆಯಿಂದ ಕೆಂಪು ಚೀಲ ತೆಗೆದು, ಬಾಯಿ ಬಿಚ್ಚಿ ಹಿಡಿದಳು. ನಕ್ಷತ್ರ ಸರಿಯಾಗಿ ಕೂತಿತು. ಅಕ್ಕನ ಅಳತೆ ಎಂದೂ ತಪ್ಪುತ್ತಿರಲಿಲ್ಲ.

ಮರ ಸರಿಸಿದರು. ದಾರಿಗಾಗಿ ಎಲ್ಲರೂ ಎದ್ದು ಗೋಡೆಗೆ ಒತ್ತಿ ನಿಂತರು. ಆ ದಿನ ಎಲ್ಲರಿಗಿಂತ ಮೊದಲು ಅವಳು ಬಾಗಿಲು ದಾಟಿದಳು.